ನಡುಗಡ್ಡೆಯಲ್ಲಿ ಹೆಸರು ಕರೆದ ರಾತ್ರಿ

ದೆವ್ವ, ಗಾಳಿ, ಪೀಡೆ ಇಂಥ ಮಾತು ಬಂದರೆ ನಾನು ಮೊದಲಿನಿಂದಲೂ ನಗುತ್ತಿದ್ದೆ. ಬಳ್ಳಾರಿಯಲ್ಲಿ ನನ್ನದು ಹೊಲಿಗೆ ಅಂಗಡಿ. ಬಟ್ಟೆ ಕೊಡಲು ಬಂದವರು ಕೂತು ಏನೇನೋ ಹೇಳುತ್ತಾರೆ. ಮೋಕ ಊರಿನ ದಾರಿಯಲ್ಲಿ ಬಿಳಿ ಸೀರೆಯವಳು ಲಾರಿಗೆ ಕೈ ಅಡ್ಡ ಹಾಕಿದಳಂತೆ, ಯಾರದೋ ಹೊಲದ ಬಾವಿಯಲ್ಲಿ ಮಗು ಅಳುತ್ತದಂತೆ. ನಾನು ಮಿಷನ್ ತುಳಿಯುತ್ತಲೇ, "ನೀವು ಕುಡದಿದ್ರೇನ್ರಿ ಆವತ್ತ?" ಎಂದು ಕೇಳುತ್ತಿದ್ದೆ. ಅವರು ಸಿಟ್ಟಾಗುತ್ತಿದ್ದರು. ಈಗ ನಾನು ಹೇಳುವುದನ್ನು ಕೇಳಿ ನೀವೂ ಹಾಗೆ ಕೇಳಬಹುದು. ಕೇಳಿರಿ. ನಾನು ಆ ರಾತ್ರಿ ಕುಡಿದಿರಲಿಲ್ಲ.

ನಾನು ಐದನೇ ಇಯತ್ತೆಯವರೆಗೆ ಮಾತ್ರ ಓದಿದವನು. ನಮ್ಮ ಊರು ಕುರುಗೋಡು. ಅಪ್ಪ ಬೇಗ ತೀರಿಕೊಂಡ. ನಾನು ಸಾಲಿ ಬಿಟ್ಟು ಬಳ್ಳಾರಿಗೆ ಬಂದು ಹೊಲಿಗೆ ಕಲಿತೆ. ತಮ್ಮ ಚೆನ್ನಬಸವನನ್ನು ಓದಿಸಿದೆ. ಪಾರ್ವತಿನಗರದಲ್ಲಿ ಆಗ ಮನೆಗಳು ಕಡಿಮೆ, ಅಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದು ಅವ್ವನನ್ನೂ ಕರೆಸಿಕೊಂಡೆ. ಚೆನ್ನ ಕಾಲೇಜಿಗೆ ಹೋಗುತ್ತಿದ್ದ. ನನಗೂ ಅವನಿಗೂ ಹತ್ತು ವರ್ಷದ ಅಂತರವಿದ್ದರೂ ದನಿ ಮಾತ್ರ ಒಂದೇ. ಒಳಗೆ ರೊಟ್ಟಿ ಬಡಿಯುತ್ತ ಕೂತ ಅವ್ವ, ಬಾಗಿಲಲ್ಲಿ ಮಾತಾಡಿದವನು ಯಾವ ಮಗ ಎಂದು ತಿಳಿಯದೆ, "ಯಾಂವಲೇ ಅಂವ, ದೊಡ್ಡಾಂವೋ ಸಣ್ಣಾಂವೋ?" ಎನ್ನುತ್ತಿದ್ದಳು.

ನಾವು ನಾಲ್ವರು ಗೆಳೆಯರು ವರ್ಷಕ್ಕೊಮ್ಮೆ, ಎಳ್ಳಮಾವಾಸ್ಯೆ ಮುಗಿದ ಮರುದಿನ, ಸಿರುಗುಪ್ಪದ ಹತ್ತಿರ ತುಂಗಭದ್ರೆಗೆ ಹೋಗುತ್ತಿದ್ದೆವು. ಹೊಳೆಯ ನಡುವೆ ಬಂಡೆಗಳ ಒಂದು ನಡುಗಡ್ಡೆ ಇದೆ. ಹರಿಗೋಲಿನಲ್ಲಿ ಅಲ್ಲಿಗೆ ಹೋಗಿ, ಮೀನು ಹಿಡಿದು, ಹಿಂದಿನ ದಿನದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ತಿಂದು, ಒಂದು ರಾತ್ರಿ ಇದ್ದು ಬರುವುದು. ನಮ್ಮ ಮುಖಂಡ ಹನುಮಂತಪ್ಪ ಸಿರುಗುಪ್ಪದವನೇ, ಅಕ್ಕಿ ಗಿರಣಿಯಲ್ಲಿ ಕೆಲಸ. ಹರಿಗೋಲು ಅವನ ಮಾವನದು. ಖಾದರ್ ಲಾರಿ ಡ್ರೈವರ್. ಈರಣ್ಣ ರೂಪನಗುಡಿಯವನು, ಮನೆಯಲ್ಲಿ ತೆಲುಗು, ಹೊರಗೆ ಎರಡೂ ಕಲಸಿ ಮಾತಾಡುವವನು. ನನ್ನನ್ನು ಮೂವರೂ ಟೇಲರ್ ಎಂದೇ ಕರೆಯುತ್ತಿದ್ದರು.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಮೊದಲೊಂದು ವರ್ಷ ಖಾದರ್ ಬಂಡೆಯ ಮರೆಯಲ್ಲಿ ನಿದ್ದೆ ಹೋಗಿದ್ದ. ನಾವು ಅವನನ್ನು ಮರೆತು ಹರಿಗೋಲು ಹತ್ತಿ ದಡಕ್ಕೆ ಬಂದು ಚಾ ಕುಡಿದು ಬಸ್ಸಿಗೆ ನಿಂತಾಗ ಒಬ್ಬ ಕಡಿಮೆ ಎಂದು ಗೊತ್ತಾಯಿತು. ವಾಪಸ್ ಹೋದರೆ ಅವನು ಅಂಗಿ ಬಿಚ್ಚಿ ಗಾಳಿಯಲ್ಲಿ ಬೀಸುತ್ತ, ನಮ್ಮೆಲ್ಲರ ಮನೆತನವನ್ನು ಬಾಯಿಗೆ ಬಂದಂತೆ ಬೈಯುತ್ತ ನಿಂತಿದ್ದ. ಅಂದಿನಿಂದ ಹನುಮಂತಪ್ಪ ಮಲಗುವ ಮುಂಚೆ ಒಮ್ಮೆ, ಹರಿಗೋಲು ಬಿಡುವ ಮುಂಚೆ ಒಮ್ಮೆ ಎಲ್ಲರ ಹೆಸರು ಕರೆಯುತ್ತಿದ್ದ. ಪ್ರತಿಯೊಬ್ಬನೂ ಬಾಯಿ ಬಿಟ್ಟು "ಅದೀನಿ" ಎನ್ನಬೇಕು. ಕೈ ಎತ್ತಿದರೆ ನಡೆಯುತ್ತಿರಲಿಲ್ಲ. "ಖಾದರ್?" ಎಂದ ಕೂಡಲೇ ಅವನು, "ಅದೀನಪ್ಪಾ, ಬಿಟ್ಟು ಹೋಗಬ್ಯಾಡ್ರಿ" ಎನ್ನುವನು. ಪ್ರತಿ ವರ್ಷ ಅದೇ ನಗೆ.

ಆ ವರ್ಷ ಚೆನ್ನ ತಾನೂ ಬರುತ್ತೇನೆಂದು ಹಟ ಹಿಡಿದ. ಅವನಿಗೆ ಈಜು ಬರುತ್ತಿರಲಿಲ್ಲ. ಅವ್ವ ಬೇಡವೆಂದಳು. ನಾನಿರುತ್ತೇನಲ್ಲ ಎಂದು ನಾನೇ ಒಪ್ಪಿಸಿದೆ.

ಸಂಜೆ ನಡುಗಡ್ಡೆ ತಲುಪಿದ ಮೇಲೆ ಚೆನ್ನನಿಗೆ ಹರಿಗೋಲು ನಡೆಸುವ ಆಸೆ. ನೋಡಿದವರಿಗೆ ಸುಲಭವೆನ್ನಿಸುತ್ತದೆ. ಹುಟ್ಟನ್ನು ನೇರ ಮುಂದೆ ಇಟ್ಟು ನಮ್ಮ ಕಡೆಗೆ ಎಳೆದುಕೊಳ್ಳಬೇಕು. ಪಕ್ಕಕ್ಕೆ ಹಾಕಿದರೆ ಮುಗಿಯಿತು, ಆ ದುಂಡನೆಯ ಬುಟ್ಟಿ ನಿಂತಲ್ಲೇ ತಿರುಗುತ್ತದೆ. ಚೆನ್ನ ಪಕ್ಕಕ್ಕೇ ಹಾಕಿದ. ಬುಗುರಿಯಂತೆ ಗರಗರ ತಿರುಗತೊಡಗಿದ.

"ಏಮಯ್ಯಾ ಕಾಲೇಜು, ಗಿರಣಿ ಬೀಸಾಕ ಹತ್ತೀ ಏನು?" ಎಂದು ಈರಣ್ಣ ಕೂಗಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಚೆನ್ನನೂ ನಗುತ್ತಿದ್ದ. ನನಗೆ ಮಾತ್ರ ಹೆದರಿಕೆಯಾಗಿ ಸೊಂಟಮಟ್ಟದ ನೀರಿಗಿಳಿದು ಹರಿಗೋಲನ್ನು ಎಳೆದು ತಂದೆ.

"ಇಳೀ ಕೆಳಗ. ಈಜಾಕ ಬರಂಗಿಲ್ಲ, ದೊಡ್ಡಸ್ತನ ನೋಡು."

"ಇನ್ನೊಂದು ಸುತ್ತು ಅಣ್ಣಾ, ಈಗ ತಿಳಿಯಾಕ ಹತ್ತೈತಿ."

"ಇಳೀ ಅಂದ್ರ ಇಳೀಬೇಕು."

"ನೀ ಹೊಲಿಗಿ ಮಿಷನ್ ತುಳಿ ಹೋಗು. ಎಲ್ಲಾದಕ್ಕೂ ನೀನ ಹೇಳಬ್ಯಾಡ."

ತಮಾಷೆಗೆ ಅಂದಿದ್ದನೇನೋ. ಗೆಳೆಯರು ಮತ್ತೆ ನಕ್ಕರು. ಈ ಸಲ ನನ್ನನ್ನು ನೋಡಿ. ನಾನು ಅವನ ಕೆನ್ನೆಗೆ ಹೊಡೆದೆ. ಅವನು ಬಂಡೆಗಳ ಮೇಲೆ ನಡೆದುಕೊಂಡು ನಡುಗಡ್ಡೆಯ ಕೆಳತುದಿಗೆ ಹೋಗಿ, ನಮಗೆ ಕಾಣದಂತೆ ಕೂತ. "ಬಿಡ್ರಿ, ಹಸಿವಾದ್ರ ಬರ್ತಾನ" ಎಂದೆ. ಊಟದ ಹೊತ್ತಿಗೆ ಖಾದರ್ ಅಲ್ಲಿಗೇ ರೊಟ್ಟಿ, ಮೀನು ಕೊಟ್ಟು ಬಂದ. ನಾನು ಹೋಗಲಿಲ್ಲ.

ಊಟವಾಗಿ, ಬೆಂಕಿ ಸಣ್ಣದಾಗಿ, ಎಲ್ಲರೂ ಚಾದರ ಹೊದ್ದುಕೊಂಡ ಮೇಲೆ ಹನುಮಂತಪ್ಪ ಅಂಗಾತ ಮಲಗಿಕೊಂಡೇ ಹೆಸರು ಕರೆದ. ಚಂದ್ರನಿಲ್ಲದ ಕತ್ತಲು. ಪಕ್ಕದವನ ಮುಖವೂ ಕಾಣುವುದಿಲ್ಲ. ಖಾದರ್ ಅದೀನಿ ಎಂದ. ಈರಣ್ಣ ಅಂದ. ನಾನು ಅಂದೆ. ಆಮೇಲೆ, "ಚೆನ್ನಾ?" ಎಂದ.

ಉತ್ತರವಿಲ್ಲ. ಅವನು ಇನ್ನೂ ತುದಿಯಲ್ಲೇ ಇದ್ದ.

ಈಗ ಹೇಳಬೇಕಾದುದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಅವನಿಲ್ಲ ಎಂದು ಗೊತ್ತಾದರೆ ಎಲ್ಲರೂ ಎದ್ದು ಹೋಗಿ ಅವನನ್ನು ರಮಿಸಿ ಕರೆತರುತ್ತಿದ್ದರು. "ಸಣ್ಣ ಹುಡುಗ, ಸಮಾಧಾನ ಮಾಡು" ಎಂದು ನನ್ನನ್ನು ಮುಂದೆ ನೂಕುತ್ತಿದ್ದರು. ನಾನು ಸೋತಂತಾಗುತ್ತಿತ್ತು. ಅಷ್ಟೇ ಕಾರಣ. ದನಿಯನ್ನು ತುಸು ತೆಳ್ಳಗೆ ಮಾಡಿ ನಾನೇ "ಅದೀನಿ" ಎಂದೆ. ಹನುಮಂತಪ್ಪ, "ಹೂಂ, ಮಲಕ್ಕೋರಿ ಇನ್ನ" ಎಂದ. ಎಲ್ಲರೂ ಮಲಗಿದರು. ನಾನೂ ಮಲಗಿದೆ. ನಿದ್ದೆಯೂ ಬಂತು.

ಬೆಳಿಗ್ಗೆ ಹರಿಗೋಲು ಇರಲಿಲ್ಲ. ಚೆನ್ನನೂ ಇರಲಿಲ್ಲ. ಸಿಟ್ಟಿನಲ್ಲಿ ಒಬ್ಬನೇ ದಡಕ್ಕೆ ಹೊರಟಿದ್ದನೋ, ನಾವು ಮಲಗಿರುವಾಗ ಹುಟ್ಟು ಹಾಕುವುದನ್ನು ಕಲಿತು ನಮಗೆ ತೋರಿಸಬೇಕೆಂದಿದ್ದನೋ, ಯಾರಿಗೂ ಗೊತ್ತಿಲ್ಲ. ನಮ್ಮ ಕೂಗು ಕೇಳಿ ಬಂದ ಮೀನುಗಾರರಿಗೆ ಬೋರಲಾದ ಹರಿಗೋಲು ಕೆಳಗಡೆ ಆಪಿನ ಹುಲ್ಲಿನ ಪೊದೆಯಲ್ಲಿ ಸಿಕ್ಕಿತು. ಅವನು ಸಿಗಲು ಇನ್ನೂ ತಡವಾಯಿತು.

ಪೊಲೀಸರಿಗೆ ಗೆಳೆಯರು ಒಂದೇ ಮಾತು ಹೇಳಿದರು: ಮಲಗುವಾಗ ಇದ್ದ, ಹೆಸರು ಕರೆದರೆ ಅದೀನಿ ಅಂದ. ಅವ್ವ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಂದವರಿಗೆಲ್ಲ ಹೇಳುತ್ತಿದ್ದಳು, "ಅಣ್ಣನ ಮಗ್ಗಲದಾಗ ಮಲಗಿದ್ದನಂತವ್ವಾ, ಅಲ್ಲಿತನಕ ಚಂದನ ಇದ್ದನಂತ." ಹೇಳಿ ನನ್ನ ಕಡೆ ನೋಡುವಳು. ನಾನು ಹೂಂ ಎನ್ನುವೆ.

ಮರುವರ್ಷ ನಾವು ಹೋಗಲಿಲ್ಲ. ಅದರ ಮುಂದಿನ ವರ್ಷ ಹನುಮಂತಪ್ಪ ಅಂಗಡಿಗೆ ಬಂದ. "ಟೇಲರ್, ಹೋಗೂಣಲೇ. ಹುಡುಗನ ಹೆಸರಿಗೆ ಅಲ್ಲೊಂದು ಎಡಿ ಇಟ್ಟು ಬರೂಣು" ಎಂದ. ಬೇಡವೆನ್ನಲು ಬಾಯಿ ಬರಲಿಲ್ಲ. ಬೇಡವೆಂದರೆ ಯಾಕೆಂದು ಕೇಳುತ್ತಾನಲ್ಲ.

ಸಂಜೆ ಚೆನ್ನ ಕೂತಿದ್ದ ಬಂಡೆಯ ಮೇಲೆ ಎಲೆ ಹಾಕಿ ಹೋಳಿಗೆ ಇಟ್ಟು ಕೈ ಮುಗಿದೆವು. ಊಟವಾದ ಮೇಲೆ ಮೂವರೂ ಬೆಂಕಿಯ ಸುತ್ತ ಹಾಸಿಕೊಂಡರು. ನಾನು ನನ್ನ ಚಾದರ ಈರಣ್ಣನ ಪಕ್ಕ ಇಟ್ಟು, ಮೂತ್ರಕ್ಕೆ ಹೋಗುವವನಂತೆ ಎದ್ದು ಕತ್ತಲಲ್ಲಿ ಕೆಳತುದಿಗೆ ಹೋದೆ. ಯಾಕೆ ಹೋದೆ ಎಂದರೆ, ವಾಪಸ್ ಬರಬಾರದೆಂದೇ ಹೋದೆ. ಎರಡು ವರ್ಷ ಅವ್ವನ ಮುಂದೆ ಹೂಂ ಅಂದು ಅಂದು ಸಾಕಾಗಿತ್ತು.

ಆ ಬಂಡೆಯ ಮೇಲೆ ಕೂತೆ. ಕೆಳಗೆ ನೀರಿನ ಸದ್ದು. ಕೂತಿದ್ದಂತೆ ಮನಸ್ಸು ಅಳ್ಳಕವಾಯಿತು. ಇನ್ನೇನು ಹೆಸರು ಕರೆಯುತ್ತಾರೆ, ನಾನಿಲ್ಲವೆಂದು ಗೊತ್ತಾಗುತ್ತದೆ, ಮೂವರೂ ಬೈಯುತ್ತ ಎದ್ದು ಬರುತ್ತಾರೆ, ಬಂದರೆ ಅವರೊಂದಿಗೆ ಹೋಗಿಬಿಡುತ್ತೇನೆ, ಹೋಗಿ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದುಕೊಂಡೆ. ಕಿವಿಗೊಟ್ಟು ಕಾದೆ.

ಹನುಮಂತಪ್ಪ ಕರೆಯತೊಡಗಿದ. ನೀರಿನ ಸದ್ದಿದ್ದರೂ ಒಂದೊಂದು ಮಾತೂ ಪಕ್ಕದಲ್ಲೇ ಆಡಿದಂತೆ ಕೇಳುತ್ತಿತ್ತು.

"ಖಾದರ್?"

"ಅದೀನಿ." ಈ ಸಲ ಅವನು ತಮಾಷೆ ಸೇರಿಸಲಿಲ್ಲ.

"ಈರಣ್ಣ?"

"ಅದೀನಿ."

"ಟೇಲರ್?"

ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಬೆಂಕಿಯ ಕಡೆಯಿಂದ ಉತ್ತರ ಬಂತು. "ಅದೀನಿ."

ಅದು ನನ್ನ ದನಿ. ಸಂಶಯವೇ ಇಲ್ಲ. ತುಸುವೂ ತಡವಿಲ್ಲದೆ, ಸಹಜವಾಗಿ, ನಿದ್ದೆ ಬರುತ್ತಿರುವವನು ಹೇಳಿದಂತೆ.

"ಹೂಂ, ಮಲಕ್ಕೋರಿ ಇನ್ನ" ಎಂದ ಹನುಮಂತಪ್ಪ. ಆಮೇಲೆ ಚಾದರ ಎಳೆದುಕೊಂಡ ಸದ್ದು, ಯಾರೋ ಕೆಮ್ಮಿದ್ದು. ಅಷ್ಟೇ. ಯಾರೂ ಬರಲಿಲ್ಲ.

ಸಾಯಬೇಕೆಂದು ಬಂದಿದ್ದೆನೆಂಬುದೂ ಮರೆತುಹೋಯಿತು. ಕೈಕಾಲೂರಿಕೊಂಡು, ಮೊಣಕಾಲು ತರಚಿಸಿಕೊಂಡು ಬೆಂಕಿಯ ಹತ್ತಿರ ಬಂದೆ. ನನ್ನ ಚಾದರ ಇಟ್ಟಲ್ಲೇ, ಮಡಿಚಿದಂತೆಯೇ ಇತ್ತು.

ಹನುಮಂತಪ್ಪ ತಲೆ ಎತ್ತಿದ. "ಎಲ್ಲಿಗಿ ಹೋಗಿದ್ದಿಲೇ? ಈಗರ ಇಲ್ಲೇ ಇದ್ದಿಯಲ್ಲ."

"ನಾ ಇದ್ದಿಲ್ಲ. ಯಾರಲೇ ಅದೀನಿ ಅಂದಾವ್ರು?"

"ಯಾರು ಅಂದ್ರ? ನೀನ ಅಂದಿ."

ಖಾದರನ ಭುಜ ಹಿಡಿದು ಅಲ್ಲಾಡಿಸಿದೆ. ಅವನು ಎದ್ದು ಕೂತು, ತನ್ನ ಮಕ್ಕಳ ಮೇಲೆ ಆಣೆ ಮಾಡಿದ. "ನಾ ಯಾಕ ಅನ್ಲಿ ಭಾಯಿ? ಇಂಥಾದ್ರಾಗ ಚೇಷ್ಟಿ ಮಾಡ್ತೀನೇನು ನಾನು?" ಈರಣ್ಣ ಸಣ್ಣ ದನಿಯಲ್ಲಿ ಹೇಳಿದ, "ನಾ ನಿನ್ನ ಹಾಸಿಗಿ ಕಡಿ ಬೆನ್ನು ಮಾಡಿ ಮಲಗಿದ್ದೆ, ಟೇಲರ್. ನನ್ನ ಬೆನ್ನ ಹಿಂದನ ಅಂದಿ ನೀನು."

ಬೆಳಗಾಗುವವರೆಗೆ ನಾಲ್ವರೂ ಬೆಂಕಿ ದೊಡ್ಡದು ಮಾಡಿಕೊಂಡು ಕೂತೆವು. ನಾನು ಹೇಳಬೇಕೆಂದುಕೊಂಡದ್ದನ್ನು ಹೇಳಲಿಲ್ಲ. ಅದರ ನಂತರ ಯಾರೂ ಆ ಪ್ರವಾಸದ ಮಾತೆತ್ತಲಿಲ್ಲ.

ಬಹಳ ವರ್ಷ ಯೋಚಿಸಿದ್ದೇನೆ. ಗೆಳೆಯರಲ್ಲೊಬ್ಬ ಅಂದಿರಬಹುದು. ಆದರೆ ನಾನು ಚೆನ್ನನ ಬದಲು ಅಂದದ್ದು ಅವರಿಗೆ ಗೊತ್ತೇ ಇರಲಿಲ್ಲ, ಮತ್ತೆ ಯಾಕೆ ಅನ್ನುತ್ತಾರೆ? ಬಂಡೆಗೆ ಬಡಿದು ದನಿ ವಾಪಸ್ ಬಂತು ಎನ್ನೋಣವೆಂದರೆ ನಾನು ಮಾತೇ ಆಡಿರಲಿಲ್ಲ. ನನ್ನ ತಲೆ ಕೆಟ್ಟಿತ್ತು ಎನ್ನೋಣವೆಂದರೆ ಮೂವರ ತಲೆಯೂ ಒಮ್ಮೆಗೇ ಕೆಡುವುದೇ? ಚೆನ್ನನೇ ಅಂದ ಎಂದು ಇಟ್ಟುಕೊಂಡರೂ, ನನ್ನನ್ನು ಹುಡುಕಿಕೊಂಡು ಯಾರೂ ಬರದಿರಲಿ ಎಂದು ಅಂದನೋ, ನಾನು ಹೆದರಿ ವಾಪಸ್ ಓಡಲಿ ಎಂದು ಅಂದನೋ, ಅದೂ ತಿಳಿಯುವುದಿಲ್ಲ. ಬದುಕಿ ಬಂದೆನೆಂಬುದಂತೂ ನಿಜ.

ಅವ್ವ ಹೋಗಿ ಬಹಳ ದಿನವಾಯಿತು. ಕೊನೆಯ ತನಕ ಅವಳಿಗೆ ಹೂಂ ಎಂದೇ ಹೇಳಿದೆ. ಆ ರಾತ್ರಿಯವರೆಗೆ ನನ್ನ ತಪ್ಪು ಎಂದರೆ ಗೆಳೆಯರಿಗೆ ಸುಳ್ಳು ಹೇಳಿದ್ದು, ಅವರು ಹುಡುಕದಂತೆ ಮಾಡಿದ್ದು ಎಂದಷ್ಟೇ ತಿಳಿದಿದ್ದೆ. ಆ ಬಂಡೆಯ ಮೇಲೆ ಕೂತ ಮೇಲೆ ಉಳಿದದ್ದು ಗೊತ್ತಾಯಿತು. ಅಲ್ಲಿಗೆ ಎಲ್ಲವೂ ಕೇಳುತ್ತದೆ. ಚೆನ್ನ ತನ್ನ ಹೆಸರು ಕರೆದದ್ದನ್ನು ಕೇಳಿದ್ದ. ಅಣ್ಣ ಎದ್ದು ಬರುತ್ತಾನೆಂದು ಸುಮ್ಮನೆ ಕೂತಿದ್ದ. ಆಮೇಲೆ ನನ್ನ ಉತ್ತರವನ್ನೂ ಕೇಳಿದ್ದ.