ಹೂವಿನ ಮೇಲೆ ಕೊಟ್ಟ ದುಡ್ಡು

ಶ್ರೀನಿವಾಸಪುರದ ಮಾವಿನ ವ್ಯಾಪಾರಿ ಸೊಣ್ಣಪ್ಪನಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಸಂಕ್ರಾಂತಿ ಕಳೆದು ಮರಗಳು ಹೂ ಬಿಟ್ಟವೆಂದರೆ ಮುಗಿಯಿತು, ಮನುಷ್ಯ ಮನೆಗೆ ಸಿಕ್ಕುತ್ತಿರಲಿಲ್ಲ. ಒಂದು ಪೀಚುಗಾಯಿಯೂ ಕಣ್ಣಿಗೆ ಬೀಳುವ ಮೊದಲೇ, ಬರೀ ಹೂವು ನೋಡಿ ತೋಪಿನವರಿಗೆ ಅಡ್ವಾನ್ಸು ಕೊಟ್ಟು ಫಸಲು ಹಿಡಿಯುವುದು ಅವನ ಕಸುಬು. ಆಮೇಲೆ ಜಿಗಿಹುಳಕ್ಕೆ ಔಷಧಿ, ಕಾವಲಿನವನ ಸಂಬಳ, ಮತ್ತೆ ಔಷಧಿ. ಕೈಯಿಂದ ಹೋಗುತ್ತಲೇ ಇರಬೇಕು, ಬರುವುದೇನಿದ್ದರೂ ಬೇಸಿಗೆಗೆ. ಅವನನ್ನು ಹಳ್ಳಕ್ಕೆ ಕೆಡವಿದ್ದೂ ಇದೇ ಕಸುಬು.

ಅದು ಎರಡು ಸಾವಿರದ ಮೂರನೇ ಇಸವಿ. ಹಣ್ಣಿನ ರಸದ ಕಾರ್ಖಾನೆಯವರು ಕೇಳಿದರೆಂದು ಕೋಲಾರ ಬಸ್ ಸ್ಟ್ಯಾಂಡಿನ ಎದುರಿನ ಸೈಬರ್ ಸೆಂಟರಿನಲ್ಲಿ ಇಮೇಲ್ ಮಾಡಿಸಿಕೊಂಡ. ಕಾರ್ಖಾನೆಯವರು ಒಂದಕ್ಷರ ಬರೆಯಲಿಲ್ಲ. ಬರೆದವಳು ಹೊರದೇಶದ ಯಾರೋ ಮಂತ್ರಿಯ ಹೆಂಡತಿ. ಗಂಡ ಸತ್ತನಂತೆ, ಬ್ಯಾಂಕಿನಲ್ಲಿ ಕೋಟಿಗಟ್ಟಲೆ ಕೊಳೆಯುತ್ತಿದೆಯಂತೆ, ಬಿಡಿಸಲು ನೆರವಾದರೆ ಮೂರನೇ ಒಂದು ಪಾಲು ಸೊಣ್ಣಪ್ಪನದಂತೆ. ಮೊದಲು ಸ್ವಲ್ಪ ಖರ್ಚಿಗೆ ಕಳಿಸಬೇಕು, ಅಷ್ಟೆ.

ಓದಿ ಹೇಳಿದ ನಂದಿತಾ, ಆ ಸೆಂಟರ್ ನಡೆಸುವ ಹುಡುಗಿ, ನಕ್ಕುಬಿಟ್ಟಳು. “ಮಾಮಾ, ಇದು ಎಲ್ಲರಿಗೂ ಬರುತ್ತೆ. ಬರೀ ಮೋಸ.”

“ನಿಂಗೇನಮ್ಮಾ ಗೊತ್ತು? ಕಾಯಿ ನೋಡಿ ದುಡ್ಡು ಬಿಚ್ಚೋನು ವ್ಯಾಪಾರಿ ಏನು?”

ಕಳಿಸಿದ. ದಿಲ್ಲಿಯ ಯಾವುದೋ ಖಾತೆಗೆ. ಆಮೇಲೆ ವಕೀಲನ ಫೀಜು ಎಂದರು, ಕಳಿಸಿದ. ಸರ್ಕಾರಿ ಮೊಹರು ಎಂದರು, ಅದಕ್ಕೂ ಕಳಿಸಿದ. ಬೇರೆಯವರಿಗಾದರೆ ಅಲ್ಲಿಗೇ ಅನುಮಾನ ಬರುತ್ತಿತ್ತು. ಇವನಿಗೆ ಅದೆಲ್ಲ ಔಷಧಿ ಹೊಡೆಸುವ ಖರ್ಚಿನಂತೆ ಕಂಡಿತು. ಅರ್ಧಕ್ಕೆ ಕೈಬಿಟ್ಟರೆ ಹೂವೆಲ್ಲ ಉದುರಿಹೋಗುತ್ತದಲ್ಲ!

ಇತ್ತ ಕದಿರಮ್ಮನ ತೋಪು ಹೂ ತುಂಬಿ ನಿಂತಿತ್ತು. ಒಂಟಿ ಹೆಂಗಸು ಕದಿರಮ್ಮ, ವರ್ಷಾವರ್ಷ ಅವನಿಗೇ ಫಸಲು ಕೊಡುತ್ತಿದ್ದವಳು. ಸೊಣ್ಣಪ್ಪನ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಬಾದಾಮಿ ಮಾವಿನ ಮರಗಳಿಂದ. ಆಕೆಗೆ ಕೊಡಬೇಕಾದ ಅಡ್ವಾನ್ಸು ದಿಲ್ಲಿಗೆ ಹೋಗಿತ್ತು. “ನಾಳೆ ಬರ್ತೀನಕ್ಕಾ” ಎಂದು ಹೇಳಿಕಳಿಸುವುದು, ಬೆಳಗಾದರೆ ಕೋಲಾರದ ಬಸ್ಸು ಹತ್ತುವುದು. ರಾತ್ರಿ ಅವನು ಹೊರಳಾಡುವುದನ್ನು ಕಂಡು ಹೆಂಡತಿ ಅಂಜಮ್ಮ ಹೊಟ್ಟೆನೋವೆಂದುಕೊಂಡು ಓಂಕಾಳಿನ ಕಷಾಯ ಕಾಸಿಕೊಟ್ಟಳು. ಪಾಪ, ಅದನ್ನೂ ಕುಡಿದ.

ಹೂವು ಪೀಚಾಗುವ ಹೊತ್ತಿಗೆ ಇಮೇಲಿಗೆ ಉತ್ತರ ಬರುವುದೂ ನಿಂತುಹೋಗಿ, ಇನ್ನು ತಡೆಯಲಾರದೆ ತೋಪಿಗೆ ಹೋದ. ಕದಿರಮ್ಮ ತರಗೆಲೆ ಗುಡಿಸುತ್ತಿದ್ದಳು.

“ಬೇರೆ ಸಾಹುಕಾರ್ರು ಬಂದಿದ್ರು ಕಣಣ್ಣಾ. ಸೊಣ್ಣಪ್ಪಣ್ಣನಿಗೆ ಮಾತು ಕೊಟ್ಟಿದ್ದೀನಿ ಅಂತ ವಾಪಸ್ ಕಳಿಸ್ದೆ.”

ಆ ಮಾತಿಗೆ ಅವನಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಎಲ್ಲವನ್ನೂ ಹೇಳಿದ. ಆಕೆ ಬೈಯಲಿಲ್ಲ. ಪೊರಕೆ ಕೆಳಗಿಟ್ಟು ಅವನ ಮುಖವನ್ನೇ ನೋಡಿದಳು.

“ಹೂವಿಗೆ ದುಡ್ಡು ಕೊಡೋನೇ ನೀನು, ಸರಿ. ಆದ್ರೆ ನನ್ನ ತೋಪು ಹಿಡಿಯೋಕೆ ಮುಂಚೆ ಒಂದೊಂದು ಮರಾನೂ ಸುತ್ತಿ, ತೊಗಟೆ ಮುಟ್ಟಿ ನೋಡ್ತಿದ್ದೆ. ಅಲ್ಲಿ ಯಾವ ಮರ ಮುಟ್ಟಿದೆ?”

ವಾರ ಕಳೆಯುವುದರೊಳಗೆ ತೋಪು ಬೇರೆಯವರ ಪಾಲಾಯಿತು.

ಬೇಸಿಗೆಯಲ್ಲಿ ಅವನು ಇನ್ನೊಬ್ಬರ ಮಂಡಿಯಲ್ಲಿ ಕೂಲಿಗೆ ಹಣ್ಣು ವಿಂಗಡಿಸಿದ. ಒಂದು ದಿನ ಕದಿರಮ್ಮನ ಬಾದಾಮಿ ಬಂದು ಬಿದ್ದವು. ವಾಸನೆಯಲ್ಲೇ ಗುರುತು ಹತ್ತಿತು. ಒಂದನ್ನು ಅಂಗೈಯಲ್ಲಿಟ್ಟುಕೊಂಡ, ಕಣ್ಣು ತುಂಬಿಕೊಂಡವು. ಮಧ್ಯಾಹ್ನ ಯಾರಿಗೂ ಹೇಳದೆ ಕೋಲಾರದ ಬಸ್ಸು ಹತ್ತಿದ.

ನಂದಿತಾ ಅವನ ಇಮೇಲ್ ಪೆಟ್ಟಿಗೆ ತೆರೆದಳು. ಹೊಸದೊಂದು ಬಂದಿತ್ತು, ಬೇರೆ ಹೆಸರಿನಲ್ಲಿ: ಮೋಸಹೋದವರ ಹಣ ವಾಪಸ್ ಕೊಡಿಸುತ್ತೇವೆ, ಮೊದಲು ಸ್ವಲ್ಪ ಖರ್ಚಿಗೆ ಕಳಿಸಿ.

“ಅಳಿಸಿಬಿಡ್ಲಾ ಮಾಮಾ?”

ಸೊಣ್ಣಪ್ಪ ಕುರ್ಚಿ ಎಳೆದುಕೊಂಡ.

“ಇರಮ್ಮಾ,” ಅಂದ. “ಇನ್ನೊಂದ್ಸಲ ಓದು.”