ಚಾಪೆಯ ಮೇಲಿನ ಹೆಡ್‌ಮಾಸ್ಟರ್

ಹೊಸ ಸುಣ್ಣದ ವಾಸನೆ ಬಂದರೆ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಐವತ್ತರ ದಶಕದಲ್ಲಿ ಶಿವಮೊಗ್ಗದ ಕೋಟೆಯಲ್ಲಿದ್ದ ನಮ್ಮ ಮನೆಯ ಪಡಸಾಲೆಯೇ ಶಾಲೆ, ಅಪ್ಪನೇ ಹೆಡ್‌ಮಾಸ್ಟರ್. ಒಳಗೆ ಅಮ್ಮ ಒಗ್ಗರಣೆ ಹಾಕಿದರೆ ಹೊರಗೆ ಮಗ್ಗಿ ಹೇಳುತ್ತಿದ್ದ ಮಕ್ಕಳೆಲ್ಲ ಒಟ್ಟಿಗೆ ಸೀನುತ್ತಿದ್ದರು. ಅಂಥ ಮನೆಯಲ್ಲಿ ನೀವೂ ಬೆಳೆದಿದ್ದರೆ ಆ ಗದ್ದಲ ಎಷ್ಟು ಸಿಹಿಯೆಂದು ನಾನು ಹೇಳಬೇಕಿಲ್ಲ. ಅಪ್ಪನ ಜೊತೆಗೆ ಪಾಠ ಮಾಡುತ್ತಿದ್ದವರು ಭದ್ರಾವತಿಯಿಂದ ರೈಲಿನಲ್ಲಿ ಬರುತ್ತಿದ್ದ ಸುಂದರಮ್ಮ ಟೀಚರ್. ಗಂಡ ತೀರಿಕೊಂಡ ಮೇಲೆ ಇಬ್ಬರು ಮಕ್ಕಳನ್ನು ಒಬ್ಬರೇ ಸಾಕುತ್ತಿದ್ದರು. ಸಂಬಳಕ್ಕೆ ದುಡ್ಡಿಲ್ಲದ ತಿಂಗಳು ಅಮ್ಮ ಅವರ ಚೀಲಕ್ಕೆ ಅಕ್ಕಿ ಸುರಿಯುತ್ತಿದ್ದಳು. ಇದನ್ನು ನೋಡಲಾರದೆ ಅಪ್ಪ ಸರ್ಕಾರದ ಅನುದಾನ ಕೇಳಿದರು. ತನಿಖೆಗೆ ಇನ್‌ಸ್ಪೆಕ್ಟರ್ ಬರುತ್ತಾರೆಂದು ಗೋಡೆಗೆ ಸುಣ್ಣ ಬಿತ್ತು.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಶನಿವಾರ ಒಬ್ಬ ಹುಡುಗ ಅಪ್ಪನ ಕುರ್ಚಿಯಲ್ಲಿ ಕೂತು ವಾರದ ಪಾಠವನ್ನು ಮತ್ತೆ ಮಾಡಬೇಕು, ಅಪ್ಪ ಚಾಪೆಯ ಮೇಲೆ ಮಕ್ಕಳ ನಡುವೆ ಕೂತು ಕೇಳಬೇಕು. “ಹುಡುಗರು ಹೇಳಿಕೊಟ್ಟಾಗಲೇ ಮಾರಾಯ್ತಿ, ನಾನೇನು ಹೇಳಿಕೊಟ್ಟಿದ್ದೀನಿ ಅಂತ ಗೊತ್ತಾಗೋದು,” ಎಂದು ಅಮ್ಮನಿಗೆ ಹೇಳುತ್ತಿದ್ದರು. ಭಾಗಾಕಾರ ನನಗೆ ಅಷ್ಟಕ್ಕಷ್ಟೇ, ಆದರೆ ಕುರ್ಚಿಯಲ್ಲಿ ಕೂತು ಅಣಕಿಸಲು ಅಪ್ಪ ಮಾತ್ರ ಪೂರ್ತಿ ಬಾಯಿಪಾಠ: ಮೂಗಿನ ತುದಿಗೆ ಜಾರುವ ಕನ್ನಡಕ, ಉತ್ತರ ತಪ್ಪಿದರೆ ಪ್ರೀತಿಯಿಂದ ಎಳೆದು ಕೇಳುವ “ಎಲ್ಲಿಂದ ತಂದ್ಯೋ ಇದನ್ನ?”

ಸೋಮವಾರ ಬರಬೇಕಾದ ಇನ್‌ಸ್ಪೆಕ್ಟರ್ ಶನಿವಾರವೇ ಬಂದರು. ಕುರ್ಚಿಯಲ್ಲಿ ನಾನಿದ್ದೆ.

“ಹೆಡ್‌ಮಾಸ್ಟರ್ ಯಾರು?”

ಚಾಪೆಯಿಂದ ಅಪ್ಪ ವಿಧೇಯ ವಿದ್ಯಾರ್ಥಿಯಂತೆ ಕೈಯೆತ್ತಿದರು. “ಪಾಠ ನಡೀತಿದೆ ಸ್ವಾಮಿ, ಬನ್ನಿ, ಕೂತ್ಕೊಳ್ಳಿ,” ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿದರು.

ಇನ್‌ಸ್ಪೆಕ್ಟರ್ ಕೂರಲಿಲ್ಲ. ಕೆಟ್ಟವರೇನಲ್ಲ, ನಿಂತೇ ಎಲ್ಲರನ್ನೂ ಪ್ರಶ್ನೆ ಕೇಳಿದರು. “ಮಕ್ಕಳು ಚುರುಕಾಗಿದ್ದಾರೆ ಮೇಷ್ಟ್ರೇ, ಇಲ್ಲ ಅನ್ನೋಲ್ಲ. ಆದ್ರೆ ಸರ್ಕಾರಕ್ಕೆ ನಾನೂ ಉತ್ತರ ಕೊಡಬೇಕಲ್ಲ. ಹುಡುಗ ಕುರ್ಚೀಲಿದ್ದ, ಹೆಡ್‌ಮಾಸ್ಟ್ರು ಚಾಪೇಲಿದ್ರು ಅಂತ ಬರೀಲಾ?”

“ಕಂಡಿದ್ದನ್ನ ಬರೀರಿ.”

“ಬರೆದ್ರೆ ಅನುದಾನ ಬರೋಲ್ಲ.”

ಕಂಬದ ಪಕ್ಕದಲ್ಲಿ ಸುಂದರಮ್ಮ ಸೆರಗಿನ ತುದಿ ಸುತ್ತುತ್ತ ನಿಂತಿದ್ದರು. ಅಪ್ಪ ಅವರ ಕಡೆ ನೋಡಿದರು. ಮಂಡಿಗೆ ಕೈ ಊರಿ ಎದ್ದು, “ಮುಂದಿನ ಶನಿವಾರದಿಂದ ಇದು ಇರೋಲ್ಲ ಸ್ವಾಮಿ,” ಎಂದರು.

ಅನುದಾನ ಬಂತು. ವೇಳಾಪಟ್ಟಿ ಬಂತು, ಗಂಟೆ ಬಂತು, ಇಂಥ ವಾರ ಇಂಥ ಪಾಠವೆಂಬ ಅಪ್ಪಣೆ ಬಂತು. ಮೊದಲ ಸಂಬಳದಲ್ಲಿ ಸುಂದರಮ್ಮ ಮೈಸೂರುಪಾಕು ತಂದು, “ಇನ್ಮೇಲೆ ಅಕ್ಕಿ ಬೇಡ ಅಕ್ಕಾ,” ಎಂದು ಅಮ್ಮನ ಕೈಹಿಡಿದರು. ಆ ಮುಖ ನೋಡಿದ ಮೇಲೆ ನಾವು ಯಾರನ್ನು ಬೈಯುವುದು? ಅಪ್ಪನಂತೂ ಯಾರನ್ನೂ ಬೈಯಲಿಲ್ಲ. ಸಾಲಿನ ಕೆಳಗೆ ಬೆರಳಿಟ್ಟು ಪಾಠ ಓದುತ್ತಿದ್ದರು, ಗಂಟೆ ಬಾರಿಸಿದರೆ ಅರ್ಧ ವಾಕ್ಯಕ್ಕೇ ನಿಲ್ಲಿಸುತ್ತಿದ್ದರು.

ಒಂದು ಸಂಜೆ ಜಗಲಿಯಲ್ಲಿ ಕೂತಿದ್ದಾಗ ಅವರೇ ಕರೆದರು. “ಏ ಕೋತಿ, ನನ್ನ ಹಾಗೆ ಪಾಠ ಮಾಡಿ ತೋರ್ಸು.”

ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, “ಎಲ್ಲಿಂದ ತಂದ್ಯೋ ಇದನ್ನ?” ಎಂದು ಎಳೆದೆ. ಅಮ್ಮ ನಕ್ಕಳು. ಅಪ್ಪ ನಗಲಿಲ್ಲ.

“ಅದು ಹಳೇದಾಯ್ತಲ್ಲೋ. ಈಗ ಹೇಗೆ ಮಾಡ್ತೀನಿ, ಅದನ್ನ ತೋರ್ಸು.”

ಇಡೀ ಊರನ್ನೇ ಅಣಕಿಸುತ್ತಿದ್ದ ಬಾಯಿ ನನ್ನದು. ತೆರೆದೆ, ಈಗಿನ ಅಪ್ಪನಲ್ಲಿ ಅಣಕಿಸಲು ಹಿಡಿಯುವಂಥದ್ದು ಏನೂ ಸಿಗಲಿಲ್ಲ. ಅಪ್ಪ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು, “ಇರ್ಲಿ ಬಿಡು,” ಎಂದು ಒಳಗೆ ಹೋದರು.