ಫೋನ್ ಮಾಡಿದಾಗಿನ ಮಾತು

ದೀಪಾವಳಿಯ ಮರುದಿನ ತುಂತುರು ಬಿತ್ತು. ಅಂಗಳದ ಒದ್ದೆ ಕಲ್ಲಿನ ಮೇಲೆ ಸುಟ್ಟ ಪಟಾಕಿಯ ಮದ್ದು... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಂದಿದುರ್ಗ ಚಿನ್ನದ ಗಣಿಯ ಕಾಲೊನಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ಎದುರಿಗೆ ಬಂದು ನಿಂತಂತಾಯಿತು.

ಫಿಸಿಕ್ಸ್ ಓದುವ ನನ್ನ ತಂಗಿಯ ಮೊಮ್ಮಗಳು ಆಗ ಮೊಬೈಲಿನಲ್ಲಿ ವಿಡಿಯೊ ತೋರಿಸುತ್ತಿದ್ದಳು. ಶನಿಗ್ರಹಕ್ಕೊಂದು ದೊಡ್ಡ ಚಂದ್ರನಿದೆ, ಟೈಟನ್ ಅಂತ. ಅಲ್ಲಿಗೆ ಪೈಲಟ್ ಇಲ್ಲದ ಹೆಲಿಕಾಪ್ಟರ್ ಕಳಿಸುತ್ತಾರಂತೆ. ಒಂದು ಕಡೆ ಇಳಿದು, ಮಣ್ಣು ಕೆದಕಿ ನೋಡಿ, ಮತ್ತೆ ಹಾರಿ ಇನ್ನೊಂದು ಕಡೆ ಇಳಿಯುವುದು.

"ಇಳಿದ ಮೇಲೆ ಸೇಫ್ ಅಂತ ಸಿಗ್ನಲ್ ಕಳಿಸತ್ತೆ ಅಜ್ಜಿ. ಅದು ಇಲ್ಲಿಗೆ ಮುಟ್ಟೋಕೇ ಒಂದು ಗಂಟೆ ಮೇಲಾಗತ್ತೆ."

ಒಂದು ಗಂಟೆ ಹಳೆಯ ಸೇಫ್! ಅಕ್ಕ ಇದನ್ನು ಒಪ್ಪುತ್ತಲೇ ಇರಲಿಲ್ಲ.

ಹಾಲಿನವನನ್ನು, ಡಾಕ್ಟರನ್ನು, ನಮ್ಮ ಕಾನ್ವೆಂಟಿನ ಮದರನ್ನು ಕೂಡ ಅವಳು ನಂಬಿದವಳಲ್ಲ. ಗಂಡ ಗಣಿಯ ತಳದಲ್ಲಿ ಕೆಲಸಕ್ಕಿದ್ದ. ಆಗೊಮ್ಮೆ ಈಗೊಮ್ಮೆ ಆಳದಲ್ಲಿ ಬಂಡೆ ಸಿಡಿದು, ಮೇಲೆ ನಮ್ಮ ಶೆಲ್ಫಿನ ಪಿಂಗಾಣಿ ಕಪ್ಪುಗಳು ಕುಣಿಯುತ್ತಿದ್ದವು. ಹೆಂಗಸರೆಲ್ಲ ಗಣಿಗೆ ಇಳಿಯುವ ಶಾಫ್ಟಿನ ಬಾಯಿಯ ಬಳಿಗೆ ಓಡುವರು. ಹಾಗೊಂದು ದಿನ ಯೂನಿಫಾರ್ಮಿನಲ್ಲೇ ನಾನೂ ಓಡಿದ್ದೆ. ಗಣಿ ಆಫೀಸಿನಲ್ಲಿ ಗುಮಾಸ್ತರಾಗಿದ್ದ ನಮ್ಮಪ್ಪ ಹೊರಬಂದು, "ಕೆಳಗಿಂದ ಫೋನ್ ಬಂತಮ್ಮ, ಎಲ್ಲಾರೂ ಚೆನ್ನಾಗಿದ್ದಾರೆ, ಮನೆಗೆ ಹೋಗಿ" ಎಂದರು.

"ಅದು ಫೋನ್ ಮಾಡಿದಾಗಿನ ಮಾತು ಸಾಮಿ. ಈಗ ಎಂಗವ್ರೆ?" ಎಂದಳು ಅಕ್ಕ.

ಪಕ್ಕದವಳೊಬ್ಬಳು ನಕ್ಕಳು. "ನಿಂಗೆ ಅನುಮಾನ ಗಣಿ ಮೇಲೋ, ಗಂಡನ ಮೇಲೋ?"

"ಎಲ್ಡ್ರ ಮೇಲೂ ಕಣೇ. ಆವಯ್ಯ ಮೇಲ್ಬಂದು ನೆಟ್ಗೆ ಸೇಂದಿ ಅಂಗ್ಡಿಗೆ ಓದ್ರೆ?"

ಉಳಿದವರು ಅಡುಗೆಗೆಂದು ಹೊರಟರು. ಅಕ್ಕ ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ನೆಲ ಇನ್ನೊಮ್ಮೆ ಅದುರಿತು... ಹೋದವರೆಲ್ಲ ಓಡುತ್ತ ವಾಪಸ್ಸು. ಯಾರೂ ನಗಲಿಲ್ಲ. ಆಳುಗಳನ್ನು ಹೊತ್ತು ತರುವ ಕೇಜ್ ಮತ್ತೆ ಮತ್ತೆ ಮೇಲೆ ಬಂತು, ಅವನು ಮಾತ್ರ ಇಲ್ಲ. ಕೊನೆಯ ಸರದಿಯಲ್ಲಿ ಬಂದ. ಅವಳು ಅವನ ಅಂಗಿಗೆ ಮೂಗಿಟ್ಟು ನೋಡಿದಳು. ಒದ್ದೆ ಕಲ್ಲು, ಸಿಡಿಮದ್ದಿನ ವಾಸನೆ. "ನಡಿಯಯ್ಯ, ಇನ್ನ ಒಲೆ ಅಚ್ಚಬೇಕು" ಎಂದಳು, ಅಷ್ಟೇ. ಆಮೇಲೆ ದಿನಾ ಹಾಗೇ. ಅಂಗಿ ಮೂಸದೆ ಅವನಿಗೆ ಸ್ನಾನಕ್ಕೆ ನೀರು ತೋಡುತ್ತಿರಲಿಲ್ಲ.

ಗಣಿ ಮುಚ್ಚಿತು, ಅವನೂ ಹೋದ. ಅಕ್ಕ ಬಂಗಾರಪೇಟೆಯ ಮಗಳ ಮನೆ ಸೇರಿದಳು. ಹುಷಾರಿಲ್ಲವೆಂದು ಕೇಳಿ ಫೋನ್ ಮಾಡಿದರೆ ತಾನೇ ಎತ್ತಿಕೊಂಡು, "ಚೆನ್ನಾಗಿವ್ನಿ, ನಿಧಾನಕ್ಕೆ ಬಾ" ಎಂದಳು. ಮರುದಿನ ಬೆಳಿಗ್ಗೆ ಮಾರಿಕುಪ್ಪಂ ಟ್ರೈನಿನಲ್ಲಿ ಹೋದೆ. ಬಾಗಿಲ ಮುಂದೆ ಬೆಂಕಿ ಹಾಕಿದ್ದರು.

ಅದೂ ಫೋನ್ ಮಾಡಿದಾಗಿನ ಮಾತೇ...

ಹೆಲಿಕಾಪ್ಟರ್ ಅಲ್ಲಿ ಇಳಿಯಲು ಇನ್ನೂ ವರ್ಷಗಳಿವೆ, ಅಷ್ಟರಲ್ಲಿ ನಾನಿರುತ್ತೇನೋ ಇಲ್ಲವೋ. ಅಕ್ಕ ಇದ್ದಿದ್ದರೆ ಕೇಳುತ್ತಿದ್ದ ಪ್ರಶ್ನೆಯನ್ನು ಹುಡುಗಿಗೆ ನಾನೇ ಕೇಳಿದೆ. "ಕೆಲಸ ಮುಗಿದ ಮೇಲೆ ವಾಪಸ್ ಬರತ್ತೇನೇ?"

"ಇಲ್ಲ ಅಜ್ಜಿ, ಅಲ್ಲೇ ಇರತ್ತೆ."

ಹಾಗಾದರೆ ಮೂಸಿ ನೋಡಲು ಅಂಗಿಯೂ ಇಲ್ಲ.